ಕಟಕಟೆಯ ಕೆಳಗಿನ ನೆಲ

ಮೇ ೬, ಬೆಳಿಗ್ಗೆ

ಮೀನು ಕಡ್ಡಿಗೆ ಚುಚ್ಚಿ ಆಯಿತು. ಕರಟ ಹಸಿ. ಬರೀ ಹೊಗೆ, ಕಾವಿಲ್ಲ. ಓಣಿಯಲ್ಲಿ ಇವತ್ತೂ ಉಬ್ಬರದ ನೀರು, ಕಣಕಾಲಿನವರೆಗೆ. ಸೆಮಾರಾಂಗಿನ ಈ ಕಡಲಂಚಿನಲ್ಲಿ ಅದೇನು ಸುದ್ದಿಯೇ? ನೀರು ಬಂತೋ, ಮಣ್ಣು ಸುರಿ, ನೆಲ ಎತ್ತರಿಸು. ಮತ್ತೆ ಬಂತೋ, ಮತ್ತೆ ಸುರಿ. ಮಾಡು ಇದ್ದಲ್ಲೇ ಇರುತ್ತದೆ, ನೆಲ ಮೇಲೇರುತ್ತದೆ. ನನ್ನ ಮನೆ ಬಾಗಿಲಲ್ಲಿ ಈಗ ನಾನೇ ಬಗ್ಗಿ ಹೋಗಬೇಕು. ಪೊಲೀಸರ ಮುಂದೆ ಬಗ್ಗದ ಸೊಂಟ!

ಭವನದಲ್ಲೂ ಹಾಗೇ ಮಾಡಿದ್ದೇವೆ. ಡಚ್ಚರು ಕಟ್ಟಿದ ಪ್ರದರ್ಶನ ಭವನ; ಆಮೇಲೆ ಗೋದಾಮು; ಆಮೇಲೆ ಬಾವಲಿಗಳದ್ದು; ಈಗ ಮೀನು ಸುಡುವ ನಮ್ಮದು. ಗೋಡೆಯಿಂದ ತುಸು ಈಚೆಗೆ, ಎದೆಮಟ್ಟಕ್ಕೆ, ಕಬ್ಬಿಣದ ಸರಳೊಂದು ಸುತ್ತ ಹೋಗಿದೆ. ಬುಟ್ಟಿ ನೇತುಹಾಕಲು ಹೇಳಿ ಮಾಡಿಸಿದಂತಿದೆ.

ನಗರಸಭೆ ಭವನವನ್ನು ಹೊಸದು ಮಾಡುತ್ತದಂತೆ. ನಮ್ಮ ಸಂಘದ ಬ್ಯಾನರ್ ತಯಾರಿದೆ: ‘ಭವನದ ನೆಲ ಎತ್ತರಿಸಿ! ಒಲೆ ನಮ್ಮದು, ಜಾಗ ನಮ್ಮದು!’ ಕೆಂಪು ಬಣ್ಣ ಸಾಲದೆ ಕೊನೆಯ ಪದ ಕುಂಕುಮ ತೊಳೆದ ಹಾಗಿದೆ. ಇರಲಿ. ದನಿ ಕೆಂಪಗಿದ್ದರೆ ಸಾಕು.

ಮೇ ೯

ನಗರಸಭೆಯ ಮೀಟಿಂಗ್. ಗುತ್ತಿಗೆ ಹಿಡಿದ ಕಂಪನಿಯವನು ಬಣ್ಣದ ಚಿತ್ರ ತೋರಿಸಿ ನನ್ನತ್ತ ತಿರುಗಿದ.

"ಬಿಬು ಅವರೇ, ನಿಮ್ಮ ಬೇಡಿಕೆ ಒಪ್ಪಿದ್ದೀವಿ. ನೆಲ ಎತ್ತರಿಸ್ತೀವಿ. ಸರಳಿನ ಮಟ್ಟಕ್ಕೇ."

ಚಪ್ಪಾಳೆ. ನಾನೂ ತಟ್ಟಿದೆ. ಆಮೇಲೆ ಚಿತ್ರ ನೋಡಿದೆ. ಎ.ಸಿ. ಹಾಲ್. ಗಾಜಿನ ಗೋಡೆ. ಮೂಲೆಯಲ್ಲಿ ಹಗ್ಗ ಕಟ್ಟಿದ ಜಾಗ, ಒಳಗೆ ಕುಸುರಿಯ ಬಟ್ಟೆ ತೊಟ್ಟ ಇಬ್ಬರು ಹೆಂಗಸರು, ಹೊಗೆಯಿಲ್ಲದ ಒಲೆ. ಹಗ್ಗದಾಚೆ ಫೋಟೊ ಹಿಡಿಯುವ ಪ್ರವಾಸಿಗಳು.

ಪಕ್ಕದ ಒಲೆಯ ಕಸ್ಮಿ ಎದ್ದಳು. "ಹೊಗೆ ಇಲ್ದೆ ಹೊಗೆಮೀನು ಹೆಂಗಪ್ಪಾ? ಮೀನಿಗೆ ಬಣ್ಣ ಬಳೀತೀಯಾ, ನಿನ್ನ ತಲೆಗೆ ಬಳ್ಕೊಂಡ ಹಾಗೆ?"

ಸಭೆ ಬಿದ್ದು ಬಿದ್ದು ನಕ್ಕಿತು. ನನಗೆ ನಗು ಬರಲಿಲ್ಲ. ನಾವು ಮೂವತ್ತು ಒಲೆ. ಚಿತ್ರದಲ್ಲಿ ಇಬ್ಬರು. ಅದೂ ನಮ್ಮ ಬೇಡಿಕೆಯ ಹೆಸರಲ್ಲಿ.

ಮೇ ೧೩

ವಾಸ್ತುಶಿಲ್ಪಿ ಪಂಜಿ ಬಂದಿದ್ದ. ನಗರಸಭೆಯೇ ಕಳಿಸಿದ್ದು, ಕಂಪನಿಯ ಸಂಬಳದವನಲ್ಲ. ತೆಳ್ಳಗೆ, ಮಾತು ಕಡಿಮೆ. ನಂಬಬೇಡ ಎಂದು ನನಗೆ ನಾನೇ ಹೇಳಿಕೊಂಡೆ. ಕಂಬದ ಬುಡದಲ್ಲಿ ಗುಂಡಿ ತೋಡಿಸಿದ. ನಮ್ಮ ಬೂದಿ, ನಮ್ಮ ಕರಟದ ಚೂರು, ಇಟ್ಟಿಗೆ ಪುಡಿ, ಕಪ್ಪೆಚಿಪ್ಪು. ಎರಡಾಳು ಆಳ ಹೋದ ಮೇಲೆ ಗುದ್ದಲಿ ಠಣ್ ಎಂದಿತು.

"ಅಕ್ಕಾ, ಇಳ್ದು ನೋಡಿ," ಅಂದ.

ಏಣಿ ಹಿಡಿದು ಇಳಿದೆ. ಹಸಿರು-ಹಳದಿ ಬಳ್ಳಿಯ ಹೆಂಚಿನ ನೆಲ. ನೀರು ಒರೆಸಿದರೆ ನಿನ್ನೆ ಹಾಸಿದಂತೆ. ಕಂಬದ ಪಾದಕ್ಕೆ ಕಬ್ಬಿಣದ ಎಲೆಗಳು, ಒಂದೊಂದಕ್ಕೂ ನರ. ತಲೆಯೆತ್ತಿದೆ.

ಏನು ಬರೆಯಲಿ? ಕಂಬ ಹೋಗುತ್ತಲೇ ಇದೆ... ಹೋಗಿ ಹೋಗಿ ಕಮಾನಾಗಿ ಒಡೆದು, ಕಮಾನು ಕಮಾನಿನ ಕೈಹಿಡಿದು, ಅಲ್ಲೆಲ್ಲೋ ಮೇಲೆ ಬೆಳಕು. ಇಷ್ಟು ವರ್ಷ ಇದರ ಎದೆಮಟ್ಟದಲ್ಲಿ ನಿಂತು ಇದನ್ನು ಗಿಡ್ಡ ಎಂದಿದ್ದೆವು. ಕಬ್ಬಿಣ ಅವರದು. ಹೊತ್ತು ಏರಿಸಿದ ಹೆಗಲು ಯಾರದು? ನಮ್ಮದು. ನಮ್ಮದೇ.

"ನೀವು ಬುಟ್ಟಿ ನೇತುಹಾಕೋ ಸರಳು ಇದ್ಯಲ್ಲ, ಅದು ಮೇಲುಪ್ಪರಿಗೆಯ ಕಟಕಟೆ," ಅಂದ ಪಂಜಿ. "ಜನ ಅಲ್ಲಿ ನಿಂತು ಕೆಳಗೆ ನೋಡ್ತಿದ್ರು."

"ಕೆಳಗೆ ಏನಿತ್ತು?"

ಮೇಲಿನಿಂದ ಸೈನೆಮಜ್ಜಿಯ ದನಿ ಬಂತು. ನಮ್ಮಲ್ಲೆಲ್ಲ ಹಿರಿಯಳು. "ಕೆಳಗೆ ನನ್ನವ್ವ ಇದ್ಲು ಕಣೇ. ಏಳು ವರ್ಷದ ಕೂಸು, ಪ್ರದರ್ಶನಕ್ಕೆ ಕೂರ್ಸಿದ್ರು. ಅವಳ ಅಜ್ಜಿ ಬಟ್ಟೆ ಮೇಲೆ ಬಾತಿಕ್ ಚಿತ್ತಾರ ಬರೀತಿದ್ರೆ ಪಕ್ಕದಲ್ಲಿ ಮೇಣ ಕಾಯಿಸ್ತಿದ್ಲು. ದೊರೆಸಾನಿಗಳು ಮೇಲಿಂದ ಸಕ್ಕರೆ ಅಚ್ಚು ಎಸೀತಿದ್ರಂತೆ. ಮಂಗಕ್ಕೆ ಎಸೆದ ಹಾಗೆ."



ಮೇ ೧೪

ಬುಟ್ಟಿಯನ್ನು ಆ ಸರಳಿಗೆ ಹಾಕಲು ಮನಸ್ಸಾಗಲಿಲ್ಲ. ನೆಲದಲ್ಲಿಟ್ಟೆ. ಬೆಕ್ಕು ಒಂದು ಮೀನು ಹೊತ್ತೊಯ್ದಿತು.

ಜೂನ್ ೧

ಪಂಜಿಯ ಪ್ಲಾನನ್ನು ನಾನೇ ಸಂಘದ ಮುಂದಿಟ್ಟೆ. ಹುಚ್ಚು ಪ್ಲಾನ್. ನೆಲ ಎತ್ತರಿಸುವುದಲ್ಲ — ಅಗೆಯುವುದು. ಹೆಂಚಿನವರೆಗೆ. ಮೇಲುಪ್ಪರಿಗೆಯಲ್ಲಿ ಸುತ್ತ ನಮ್ಮ ಒಲೆಗಳು, ಮಾಡಿನಲ್ಲಿ ಹೊಗೆಗಂಡಿ, ಮಾರುಕಟ್ಟೆ. ನಡುವಿನ ಹಳ್ಳಕ್ಕೆ ತೂಬು. ಉಬ್ಬರ ಬಂದಾಗ ಓಣಿಯ ಚರಂಡಿ ನೀರು ಭವನದೊಳಕ್ಕೆ. ಇಳಿತದಲ್ಲಿ ಪಂಪ್ ಹೊರಕ್ಕೆ. ಉಳಿದ ಹೊತ್ತು ಒಣನೆಲ — ಆಟಕ್ಕೆ, ಸಭೆಗೆ, ಮದುವೆಗೆ.

ಕಂಪನಿ ನೆಲ ಎತ್ತರಿಸಿದರೆ? ಭವನದಲ್ಲಿ ನಿಲ್ಲಬೇಕಾದ ನೀರೂ ನಮ್ಮ ಮನೆಗೆ. ಪಂಜಿ ಅದನ್ನೂ ಹೇಳಿದ, ಮೆಲ್ಲಗೆ, ತಲೆ ತಗ್ಗಿಸಿ.

ಕಸ್ಮಿ ನನ್ನ ಮೇಲೆ ಹರಿಹಾಯ್ದಳು. "ಎತ್ತರಿಸಿ, ಎತ್ತರಿಸಿ ಅಂತ ಗಂಟಲು ಹರಿಯೋವರ್ಗೂ ಕೂಗಿಸ್ದೆ! ಈಗ ಅಗೀರಿ ಅಂತೀಯಾ? ನನ್ನಪ್ಪ ಸಾಯೋವರ್ಗೂ ನೀರು ಹೊರಗೆ ಹಾಕ್ದ ಕಣಕ್ಕಾ. ನಾನು ಬಾಗಿಲು ತೆಗ್ದು ಬಾಪ್ಪಾ ಅನ್ಲಾ?"

"ಹೂಂ. ನಿನ್ನ ಮನೆಗಲ್ಲ, ಇಲ್ಲಿಗೆ ಬಾ ಅನ್ನು."

"ತುಂಬಿ ಹರಿದ್ರೆ?"

"ಹರಿದ್ರೆ ನನ್ನ ಒಲೆ ನಿಂಗೆ."

"ನಿನ್ನ ಒಲೆ ಯಾವ ಗಂಡಸಿಗೆ ಬೇಕಮ್ಮ, ಅರ್ಧ ಬೇಯುತ್ತೆ!"

ನಗು. ಆದರೆ ಯಾರೂ ಹೂಂ ಎನ್ನಲಿಲ್ಲ. ನಮ್ಮಲ್ಲಿ ಕೈಯೆತ್ತಿ ಎಣಿಸುವ ಪದ್ಧತಿಯಿಲ್ಲ. ಎಲ್ಲರ ಮನಸ್ಸೂ ಒಂದಾಗುವವರೆಗೆ ಕೂತಿರಬೇಕು. ಕೂತೆವು. ಟೀ ಆರಿತು. ಕರಿದ ಸೋಯಾ ಟೆಂಪೆ ಮುಗಿಯಿತು. ಕಡೆಗೆ ಸೈನೆಮಜ್ಜಿ ಎದ್ದು ಬ್ಯಾನರ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಅದರ ಮೇಲೆ ಕೂತಳು.

"ನಾನು ಕಟಕಟೆ ಮೇಲೆ ನಿಂತು ಒಂದ್ಸಲ ಕೆಳಗೆ ನೋಡ್ಬೇಕು. ನಂಗೆ ವಯಸ್ಸಾಯ್ತು. ಬೇಗ ಅಗೀರೇ."

ನವೆಂಬರ್ ೪

ಬರೆಯದೆ ಎಷ್ಟು ಕಾಲವಾಯಿತು. ನಗರಸಭೆಯ ಬಾಗಿಲಲ್ಲಿ ಕೂತದ್ದು, ಲಾಠಿ, ಕಂಪನಿ ಹಿಂದೆ ಸರಿದದ್ದು — ಯಾವುದನ್ನೂ ಬರೆಯಲಿಲ್ಲ. ಕೈಗೆ ಪೆನ್ನಿಗಿಂತ ಗುದ್ದಲಿ ರೂಢಿಯಾಯಿತು. ಅಂಗೈ ಒರಟಾಗಿ ಅಕ್ಷರಗಳು ಕುಣಿಯುತ್ತಿವೆ. ಪ್ರತಿ ಭಾನುವಾರ ನಮ್ಮ ಕೇರಿ, ಇಡೀ ಕಂಪುಂಗ್, ಅಗೆಯಿತು. ನಾವು ಸುರಿದ ಮಣ್ಣು, ನಾವೇ ಹೊತ್ತೆವು.

ನಾಳೆ ಹುಣ್ಣಿಮೆಯ ಉಬ್ಬರ. ತೂಬು ತೆರೆಯುತ್ತಾರೆ. ಪಂಜಿ ಊಟ ಮಾಡಲಿಲ್ಲ. ನಾನೂ.

ನವೆಂಬರ್ ೫, ಸಂಜೆ

ಮೇಲುಪ್ಪರಿಗೆಯಲ್ಲಿ ಕೂತು ಬರೆಯುತ್ತಿದ್ದೇನೆ. ನೀರು ಬಂತು. ಮೊದಲು ಒಂದು ಗೆರೆಯಂತೆ, ಬಳ್ಳಿಯ ಮೇಲೆ ಬಳ್ಳಿಯಾಗಿ. ಆಮೇಲೆ ಸದ್ದಿಲ್ಲದೆ ಇಡೀ ನೆಲ. ಈಗ ಕಮಾನುಗಳೆಲ್ಲ ಕೆಳಗೂ ಇವೆ. ಕಂಬಗಳು ಇನ್ನೊಂದು ಭವನಕ್ಕೆ ಇಳಿದು ಹೋಗಿವೆ. ಸೈನೆಮಜ್ಜಿ ಕಟಕಟೆಗೆ ಒರಗಿ ನೋಡುತ್ತಿದ್ದಾಳೆ. ಮಾತಾಡಿಸಿದರೆ ಕೈಯಿಂದಲೇ ಸುಮ್ಮನಿರು ಎನ್ನುತ್ತಾಳೆ. ಒಲೆ ಹಚ್ಚಿದವರಿಲ್ಲ.

ಓಣಿ ಏನಾಯಿತೋ. ನೋಡಿ ಬಾ ಎಂದು ಕಸ್ಮಿಯನ್ನು ಕಳಿಸಿದ್ದೇವೆ. ನೀರಿನ ಮಟ್ಟ ಕಂಬದ ಎಲೆಗಳನ್ನು ಮುಚ್ಚಿ ನಿಂತಿದೆ, ಏರುತ್ತಿಲ್ಲ. ಹಾಗಾದರೆ ಉಳಿದದ್ದು ಎಲ್ಲಿ? ಮನೆಗಳಿಗೆ ನುಗ್ಗಿದ್ದರೆ...

ಬಂದಳು. ಓಡಿ ಬಂದಿದ್ದಾಳೆ, ಏದುಸಿರು. ಏನಾಯ್ತೇ ಎಂದೆ. ನನ್ನ ಕೈ ಎಳೆದು ತಾನು ಸೊಂಟಕ್ಕೆ ಉಟ್ಟ ಸರೋಂಗಿನ ಕೆಳಅಂಚಿಗೆ ಒತ್ತಿಕೊಂಡಳು. ಮುಟ್ಟಿ ನೋಡಿದೆ. ಇನ್ನೊಮ್ಮೆ. ಓಣಿಯ ಆ ತುದಿಯವರೆಗೂ ನಡೆದು ಬಂದ ಬಟ್ಟೆ, ಹುಣ್ಣಿಮೆಯ ಉಬ್ಬರದಲ್ಲಿ, ಒಣಗಿ ಗರಿಗರಿ—