ಗಾಳಿಯಲ್ಲಿ ನಿಂತ ಕೈ

ಫೆಬ್ರವರಿ 4, ಬೆಳಿಗ್ಗೆ 6

ಶೀಟು ಒಗೆದು ಹಾಕಿದೆ. ಈ ದ್ವೀಪದಲ್ಲಿ ಒಣಗೋದು ಅಂತ ಒಂದಿಲ್ಲ. ಬೆಳಗಾಗೋಷ್ಟರಲ್ಲಿ ದಿಂಬೂ ಉಪ್ಪುಪ್ಪು. ಉಗುರು ಕತ್ತರಿಸಿದೆ. ಎಣ್ಣೆ ಬಾಟಲಿ ಕಿಟಕಿ ಬಿಸಿಲಿಗಿಟ್ಟೆ. ಹೆಬ್ಬೆರಳ ಬುಡದ ನೋವು ಇವತ್ತು ಕಮ್ಮಿ.

ಮಸಾಜ್ ಸ್ಕೂಲಿನ ಪರೀಕ್ಷೆಯಲ್ಲಿ ಬೆನ್ನು ಪಾಸು. ಸೊಂಟ ಪಾಸು. ನಿನ್ನೆ ಹೊಟ್ಟೆನೂ ಪಾಸು. ಟೀಚರ್ ಬಾಯಿಂದ 'ಚೆನ್ನಾಗಿದೆ' ಅಂತ ಬಂತು! ಕ್ಲಾಸಿನಲ್ಲಿ ಎಲ್ಲರೂ ತಿರುಗಿ ನೋಡಿದ್ರು. ನೋಡಲಿ. ಮನೆ ಮುಂದಿನ ರೂಮಿನಲ್ಲಿ ಮೂವತ್ತು ವರ್ಷ ಬ್ಯೂಟಿ ಪಾರ್ಲರ್ ನಡೆಸಿದ ಕೈ ಇದು. ಹುಬ್ಬು ತಿದ್ದಿಸ್ಕೊಳ್ಳೋಕೆ ಬಂದವರು 'ಆಂಟಿ, ಹಾಗೇ ಸ್ವಲ್ಪ ಕುತ್ತಿಗೆ ಒತ್ತಿ' ಅಂತ ಕೂತುಬಿಡ್ತಿದ್ರು. ಎದ್ದು ಹೋಗುವಾಗ ಹುಬ್ಬಿನ ಮಾತೇ ಇಲ್ಲ.

ಉಳಿದದ್ದು ಒಂದೇ. ಮಲಗೋ ಪರೀಕ್ಷೆ. ನಾನು ಟೇಬಲ್ ಮೇಲೆ ಮಲಗಬೇಕು, ನನ್ನ ಜೋಡಿ ಮೈ ಒತ್ತಬೇಕು, ನಾನು ಏನೂ ಮಾಡಬಾರದು. ಅಷ್ಟೇ. ಇದಕ್ಕೂ ಒಂದು ಪರೀಕ್ಷೆನಾ! ಇದು ಪಾಸಾದ್ರೆ ಎರಡು ತಿಂಗಳು ಇಲ್ಲೇ ಕ್ಲಿನಿಕ್ಕಿನಲ್ಲಿ ಕೆಲಸ, ಆಮೇಲೆ ಸರ್ಟಿಫಿಕೇಟು. ಆಮೇಲೆ ನನ್ನ ಪಾರ್ಲರ್ ಕನ್ನಡಿಗಳನ್ನೆಲ್ಲ ಕಿತ್ತು ಹಾಕಿ ಒಂದು ಟೇಬಲ್. ನನ್ನದೇ.

ಫೆಬ್ರವರಿ 6

ಫೇಲ್.

ಮಲಗೋದರಲ್ಲಿ ಫೇಲ್! ಯಾರಿಗಾದ್ರೂ ಹೇಳಿದ್ರೆ ಬಿದ್ದು ಬಿದ್ದು ನಗ್ತಾರೆ.

ನನ್ನ ಜೋಡಿ ಒಬ್ಬ ಬಡಗಿ. ನನಗೆ ಮಗ ಇದ್ದಿದ್ರೆ ಅದೇ ವಯಸ್ಸು. ಮರದ ಧೂಳು ಎದೆಗೆ ಆಗಿಬರಲ್ಲ ಅಂತ ಉಳಿ ಬಿಟ್ಟು ಇಲ್ಲಿಗೆ ಬಂದವನು. ಮೊದಲ ದಿನ ಆಂಟಿ ಅಂದ. ಗುರಾಯಿಸಿದೆ. ಆಮೇಲಿಂದ ಅಕ್ಕ. ಚೀಟಿ ಎತ್ತಿ ಜೋಡಿ ಮಾಡಿದ್ದು ಟೀಚರ್, ಕೋರ್ಸ್ ಮುಗಿಯೋವರೆಗೆ ಬದಲಾಯಿಸೋ ಹಾಗಿಲ್ಲ.

ಮಲಗಿದೆ. ಶೀಟು ಸುಕ್ಕಾಗಿತ್ತು, ಸರಿ ಮಾಡಿದೆ. ಅವನು ನನ್ನ ಕೈ ಎತ್ತೋಕೆ ಬಂದ. ಪಾಪ, ಭಾರ ಆಗುತ್ತಲ್ಲ ಅಂತ ನಾನೇ ಎತ್ತಿ ಕೊಟ್ಟೆ. 'ಇನ್ನೂ ಸ್ವಲ್ಪ ಕೆಳಗೆ, ಹಾಂ ಅಲ್ಲೇ' ಅಂದೆ. ಎಣ್ಣೆ ಬಾಟಲಿ ಅಂಚಿನಲ್ಲಿದೆ ನೋಡಪ್ಪ ಅಂದೆ. ತಿಂಡಿ ತಿಂದ್ಯಾ ಅಂದೆ.

'ಅಕ್ಕಾ, ಮರ ಆಗಿದ್ರೆ ಬಾಯಿ ಮುಚ್ಕೊಂಡು ಬಿದ್ದಿರ್ತಿತ್ತು' ಅಂದ.

ಟೀಚರ್ ಬಂದ್ರು. ಕಡ್ಡಿಯಂಥ ಹೆಂಗಸು, ದನಿ ಏರಿಸಿದ್ದನ್ನ ಯಾರೂ ಕೇಳಿಲ್ಲ. ನನ್ನ ಮಣಿಕಟ್ಟು ಹಿಡಿದು ಕೈ ಮೇಲೆತ್ತಿದ್ರು. ಬಿಟ್ರು. ಬೀಳಬೇಕಂತೆ. ಬೀಳಲಿಲ್ಲ. ಹಾಗೇ ಗಾಳಿಯಲ್ಲಿ ನಿಂತಿತ್ತು.

'ನಾನು ಬಿಟ್ಟಾಯ್ತು. ಈಗ ಇದನ್ನ ಯಾರು ಹಿಡ್ಕೊಂಡಿದಾರೆ?'

ನೋಡಿದೆ. ಯಾರೂ ಇಲ್ಲ. ನಾನೇ.

'ತನ್ನ ಭಾರ ಬಿಡೋಕೆ ಬರದವರು ಬೇರೆಯವರ ಮೈಗೆ ಬಿಡು ಅಂತ ಹೇಗೆ ಹೇಳ್ತೀರಿ?' ಅಂದ್ರು. ಮೂರು ಸಲ ಅವಕಾಶ. ಒಂದು ಹೋಯ್ತು. ಮೂರೂ ಹೋದ್ರೆ ಮುಂದಿನ ವರ್ಷದ ಬ್ಯಾಚು. ಅಷ್ಟು ಹೊತ್ತಿಗೆ ಈ ಹೆಬ್ಬೆರಳು ಏನು ಹೇಳುತ್ತೋ! ಐವತ್ತೇಳು ನನಗೆ, ಇಪ್ಪತ್ತೇಳಲ್ಲ.

ಮೈಯೆಲ್ಲಾ ಉರಿದುಹೋಯ್ತು. ಬಿಡಲ್ಲ ನಾನು.

ಫೆಬ್ರವರಿ 9

ಮಗಳ ಫೋನು. 'ಅಮ್ಮ, ನಾನು, ಅಪ್ಪ, ಪುಟ್ಟಿ ಬರ್ತಿದೀವಿ. ಸುಮ್ನೆ, ನಿನ್ನ ನೋಡ್ಕೊಂಡು ಹೋಗೋಣ ಅಂತ.'

ಸುಮ್ನೆ ಅಂತೆ. ನಮ್ಮನೆಯವರು ಸುಮ್ನೆ ಪಕ್ಕದ ಬೀದಿಗೂ ಹೋದವರಲ್ಲ. ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿ ರಿಟೈರ್ ಆದ ಮನುಷ್ಯ. ಹೊರಡೋ ಟೈಮು, ತಲುಪೋ ಟೈಮು ಇಲ್ಲದೆ ಚಪ್ಪಲಿ ಮೆಟ್ಟಲ್ಲ.

ಆದ್ರೂ ಖುಷಿಯಾಯ್ತು. ಮೊಮ್ಮಗಳು ಪುಟ್ಟಿಗೆ ಒಂಬತ್ತು ತಿಂಗಳು. ಹಲ್ಲು ಬಂದಿರಬೇಕು.

ಫೆಬ್ರವರಿ 11, ಸಂಜೆ

ಬಂದ್ರು. ಸ್ಕೂಲಿನ ಹಿಂದಿನ ಬೀದಿಯಲ್ಲೇ ರೂಮು ಹಿಡಿದುಕೊಟ್ಟೆ. ಪುಟ್ಟಿ ನನ್ನ ನೋಡಿ ಮೊದಲು ಅತ್ತಳು, ಆಮೇಲೆ ಮೂಗು ಹಿಡಿದಳು. ಎರಡು ಹಲ್ಲು. ಕಚ್ಚಿಸ್ಕೊಂಡೆ.

ಸೂಟ್‌ಕೇಸ್ ಒಳಗಿಡೋಕೆ ಹೋದೆ. ದೊಡ್ಡದು ಒಂದು ಎತ್ತಿದ್ರೆ ಹತ್ತಿಯ ಹಾಗೆ ಹಗುರ. ತೆಗೆದು ನೋಡಿದೆ. ಖಾಲಿ.

'ಇದ್ಯಾಕೆ ಖಾಲಿ?'

ಮಗಳು ಇವರ ಮುಖ ನೋಡಿದಳು. ಇವರು ಫ್ಯಾನ್ ನೋಡಿದ್ರು. 'ಇದೇನು ಇಷ್ಟು ಸದ್ದು ಮಾಡುತ್ತೆ ಫ್ಯಾನು' ಅಂದ್ರು.

ನನ್ನ ಬಟ್ಟೆ ತುಂಬ್ಕೊಂಡು ಹೋಗೋಕೆ! ಹದಿನೆಂಟಕ್ಕೆ, ಬೆಳಿಗ್ಗೆ ಹನ್ನೊಂದರ ಬೋಟಿಗೆ ಟಿಕೆಟ್ಟೂ ಆಗಿದೆ, ನನ್ನನ್ನೂ ಸೇರಿಸಿ. ಮಗಳ ರಜ ಮುಗೀತಾ ಬಂತು, ಒಂದನೇ ತಾರೀಖಿಗೆ ಕೆಲಸಕ್ಕೆ ಸೇರಬೇಕು, ಅಳಿಯ ಬೆಳಿಗ್ಗೆ ಹೋದ್ರೆ ರಾತ್ರಿ. ಪುಟ್ಟಿನ ಯಾರ ಕೈಗೂ ಕೊಡೋಕೆ ಧೈರ್ಯ ಇಲ್ಲ. 'ನಿನ್ನ ಕೈಯೇ ಬೇಕಮ್ಮ' ಅಂದಳು.

ಎಲ್ಲರಿಗೂ ನನ್ನ ಕೈಯೇ ಬೇಕು. ನನಗೂ ಬೇಕು ಅಂದ್ರೆ ಮಾತ್ರ ಆಶ್ಚರ್ಯ.

ಫೆಬ್ರವರಿ 12

ಬೆಳಿಗ್ಗೆ ನೋಡೋಕೆ ಅಂತ ಹೋದವಳು ಅವರ ರೂಮು ಗುಡಿಸಿದೆ, ಅನ್ನಕ್ಕಿಟ್ಟೆ, ಇವರ ಬನಿಯನ್ ಹಿಂಡಿ ಹಾಕಿದೆ, ಪುಟ್ಟಿಗೆ ಸ್ನಾನ. ಕ್ಲಾಸಿಗೆ ಲೇಟು. ಯಾರೂ ಮಾಡು ಅನ್ನಲಿಲ್ಲ. ಬೇಡ ಅಂತಲೂ ಅನ್ನಲಿಲ್ಲ.

ನನಗೆ ನನ್ನ ಮೇಲೇ ಸಿಟ್ಟು.

ಫೆಬ್ರವರಿ 13

ಎರಡನೇ ಸಲ. ಆ ಕಡೆ ಯಾರೂ ತಲೆ ಹಾಕಬೇಡಿ ಅಂತ ಹೇಳಿಯೇ ಬಂದಿದ್ದೆ.

ಇವತ್ತು ಹಲ್ಲು ಕಚ್ಚಿ ಸುಮ್ಮನಿದ್ದೆ. ಮಾತಿಲ್ಲ, ಕತೆಯಿಲ್ಲ. ಬಡಗಿಯ ಅಂಗೈ ಬೆನ್ನ ಮೇಲೆ ನಿಧಾನಕ್ಕೆ ಇಳೀತಿತ್ತು. ಒಂದು ಕಡೆ... ಎಡ ಭುಜದ ಹಿಂದೆ... ಏನೋ ಸಡಿಲ ಆಯ್ತು. ಎಷ್ಟು ವರ್ಷದ್ದೋ. ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳಲಿ.

ಅಷ್ಟರಲ್ಲಿ ಸ್ಕೂಲಿನ ಜಗಲಿಯಲ್ಲಿ ಪುಟ್ಟಿ ಅಳು. ಶೀಟು ಸುತ್ತಿಕೊಂಡು ಬಾಗಿಲಲ್ಲಿದ್ದೆ ನಾನು! ಯಾವಾಗ ಎದ್ದೆ, ಹೇಗೆ ಎದ್ದೆ, ದೇವರಾಣೆ ಗೊತ್ತಿಲ್ಲ.

ಇವರು ಮಗು ಒಂದು ಕೈಲಿ, ಬಾಟಲಿ ಇನ್ನೊಂದು ಕೈಲಿ. 'ಹಾಲು ಎಷ್ಟು ಬಿಸಿ ಇರಬೇಕು ಇದಕ್ಕೆ? ಮಗಳು ಸ್ನಾನಕ್ಕೆ ಹೋಗಿದಾಳೆ...' ಅಂದ್ರು. ನನ್ನ ಹಿಂದೆ ನೋಡಿದ್ರು. ಟೇಬಲ್ಲು. ಎಣ್ಣೆ ಕೈಯ ಬಡಗಿ.

ಎರಡೂ ಹೋಯ್ತು. ಮೂರನೆಯದು ಹದಿನೆಂಟಕ್ಕೆ, ಬೆಳಿಗ್ಗೆ ಹತ್ತಕ್ಕೆ. ಅದೇ ಹದಿನೆಂಟು. ಬೇರೆ ದಿನ ಕೇಳಿದೆ. 'ಅವತ್ತೇ ಬ್ಯಾಚ್ ಮುಗಿಯೋದು' ಅಂದ್ರು ಟೀಚರ್, ಅಷ್ಟೇ.

ಫೆಬ್ರವರಿ 14

ನಿನ್ನೆಯಿಂದ ಮುಖ ಊದಿಸ್ಕೊಂಡಿದ್ದವರು ಇವತ್ತು ಬಾಯಿ ಬಿಟ್ರು. 'ಕಂಡವನ ಕೈಲಿ ಮೈ ಒತ್ತಿಸ್ಕೊಳ್ಳೋಕೆ ಸಮುದ್ರ ದಾಟಿ ಬಂದ್ಯಾ?'

ಪಿತ್ತ ನೆತ್ತಿಗೇರಿತು. 'ಡಾಕ್ಟರ್ ಮುಟ್ಟಿದ್ರೆ ಪರವಾಗಿಲ್ಲ, ಇಂಜೆಕ್ಷನ್ ಕೊಡೋನು ಮುಟ್ಟಿದ್ರೆ ಪರವಾಗಿಲ್ಲ. ಇವನು ಮುಟ್ಟಿದ್ರೆ ಮಾತ್ರ ನಿಮ್ಮ ಮಾನ ಹೋಯ್ತಾ?'

'ಅದು ಬೇರೆ ಕಣೇ.'

'ಏನ್ರೀ ಬೇರೆ? ಮದುವೆಯಾಗಿ ಇಷ್ಟು ವರ್ಷ ಆಯ್ತು. ಬೆನ್ನು ನೋಯ್ತಿದ್ಯಾ ಅಂತ ಒಂದು ಸಲ ಕೇಳಿದೀರಾ ನೀವು?'

'ನೋಯುತ್ತೆ ಅಂತ ನೀನು ಹೇಳಲೇ ಇಲ್ವಲ್ಲ' ಅಂದ್ರು. ದನಿಯಲ್ಲಿ ಸಿಟ್ಟಿರಲಿಲ್ಲ.

ಅದೂ ನಿಜ. ಅದಕ್ಕೇ ಇನ್ನೂ ಸಿಟ್ಟು ಬಂತು. ಪಾತ್ರೆ ತೊಳೀದೆ ಎದ್ದು ಬಂದೆ. ಇದೇ ಮೊದಲು.

ಫೆಬ್ರವರಿ 16, ಮಧ್ಯಾಹ್ನ

ನಿನ್ನೆ ಹೋಗಲಿಲ್ಲ ಆ ಕಡೆ. ಇವತ್ತು ತಡೆಯಲಾರದೆ ಹೋದೆ. ಯಾರೂ ಉಪವಾಸ ಬಿದ್ದಿರಲಿಲ್ಲ. ಅನ್ನ ತಳ ಹತ್ತಿತ್ತು, ಅಷ್ಟೇ. ತಿಂದಿದ್ರು. ಬನಿಯನ್ ಹಗ್ಗದ ಮೇಲಿತ್ತು, ಹಿಂಡದೆ ಹಾಕಿದ್ದು, ತೊಟ ತೊಟ ಅಂತ ಸೋರ್ತಾ.

ಪುಟ್ಟಿ ಚಾಪೆ ಮೇಲೆ ಮಲಗಿದ್ದಳು. ಕೂತವಳಿಗೆ ಏನೋ ಹೊಳೀತು. ಅವಳ ಪುಟಾಣಿ ಕೈ ಮೆಲ್ಲಗೆ ಎತ್ತಿದೆ. ಬಿಟ್ಟೆ. ಪೊತ್ ಅಂತ ಬಿತ್ತು. ನಿದ್ದೆಯಲ್ಲೇ ತುಟಿ ಚೀಪಿದಳು. ಫಸ್ಟ್ ಕ್ಲಾಸ್ ಪಾಸು!

'ಏನು ಮಾಡ್ತಿದೀಯ ಅವಳಿಗೆ?' ಅಂದ್ರು ಇವರು. ಎರಡು ದಿನದ ಮೇಲೆ ಮೊದಲ ಮಾತು.

'ನಿಮ್ಮ ಕೈ ಕೊಡಿ ಇಲ್ಲಿ' ಅಂದೆ. ಎತ್ತಿದೆ. ಬಿಟ್ಟೆ. ನಿಂತಿತು, ಬಸ್ ನಿಲ್ಲಿಸೋ ಹಾಗೆ.

'ಬಿಡ್ರೀ.'

'ಬಿಟ್ಟಿದೀನಲ್ಲ.'

'ಎಲ್ಲಿ ಬಿಟ್ಟಿದೀರಿ? ಮೇಲೇ ಇದೆ.'

'ಪೂರ್ತಿ ಬಿಟ್ಟಿದೀನಿ ಕಣೇ, ಇನ್ನು ಹೇಗೆ ಬಿಡೋದು!' ಕೈ ಮಾತ್ರ ಮೇಲೇ. ಮಗಳು ಹೊಟ್ಟೆ ಹಿಡ್ಕೊಂಡು ನಕ್ಕಳು. ಇವರೂ ನಕ್ಕುಬಿಟ್ರು. ಆಗಲೂ ಇಳೀಲಿಲ್ಲ.

ಆಮೇಲೆ ಮಗಳ ಕೈ ಎತ್ತಿದೆ. 'ನಂದು ಬೀಳುತ್ತಮ್ಮ, ನಾನು ಆರಾಮಾಗೇ ಇದೀನಿ' ಅಂದಳು. ಬಿಟ್ಟೆ.

ನಿಂತಿತು.

ನೋಡ್ತಾ ನೋಡ್ತಾ ಅವಳ ನಗು ಹೋಯ್ತು. ಮೂವತ್ತು ವರ್ಷ ಆಗಿಲ್ಲ ಇವಳಿಗೆ ಇನ್ನೂ. ಇವಳಿಗೆ ಯಾವಾಗ ಕಲಿಸಿದೆ ನಾನು ಇದನ್ನ? ಭುಜದ ಮೇಲೆ ಕೈಯಿಟ್ಟೆ. ಕಲ್ಲು. ಒತ್ತಿದೆ. ಅಲ್ಲೇ ತಲೆ ಬಾಗಿಸಿ ಅತ್ತಳು. ಅಳಲಿ ಅಂತ ಬಿಟ್ಟೆ, ಏನೂ ಕೇಳಲಿಲ್ಲ.

ಫೆಬ್ರವರಿ 17, ಸಂಜೆ

ಹೇಳಿಬಿಟ್ಟೆ. ಖಡಾಖಂಡಿತ.

'ನಾಳೆ ನಾನು ಬೋಟ್ ಹತ್ತಲ್ಲ. ಪರೀಕ್ಷೆಗೆ ಹೋಗ್ತೀನಿ. ಪಾಸಾದ್ರೆ ಎರಡು ತಿಂಗಳು ಇಲ್ಲೇ. ಆಮೇಲೆ ಬಂದು ಪುಟ್ಟಿನ ನೋಡ್ಕೋತೀನಿ, ಅಜ್ಜಿಯಾಗಿ. ಆಯಾ ಆಗಿ ಅಲ್ಲ. ಸಂಜೆ ಹೊತ್ತು ನನ್ನ ಕೈ ಪುಟ್ಟಿಗೆ, ಹಗಲೆಲ್ಲ ನನ್ನ ಟೇಬಲ್ಲಿಗೆ.'

'ಅಲ್ಲೀವರೆಗೆ?' ಅಂದಳು ಮಗಳು. ಮುಖ ಸಣ್ಣಗಾಗಿತ್ತು. ಆದ್ರೂ ಮಾತು ಬದಲಾಯಿಸಲಿಲ್ಲ.

ಇವರು ಎದ್ದು ನಿಂತ್ರು. 'ಏನು, ಇವಳಿಲ್ಲದೆ ಪ್ರಪಂಚ ನಿಂತುಹೋಗುತ್ತಾ? ನೂರಾರು ಬಸ್ಸು ನೋಡ್ಕೊಂಡಿದೀನಿ ನಾನು, ಒಂದು ಮಗು ನೋಡ್ಕೊಳ್ಳೋಕೆ ಆಗಲ್ವಾ?' ನನ್ನ ಚುಚ್ಚೋಕೆ ಅಂತಲೇ ಅಂದದ್ದು.

'ನೋಡ್ಕೊಳ್ಳಿ' ಅಂದೆ.

ತಾವು ಆಡಿದ ಮಾತು ಇವರಿಗೇ ಈಗ ಕಿವಿಗೆ ಬಿತ್ತು ಅನ್ಸುತ್ತೆ. ಮಗಳು ಅಪ್ಪನ್ನೇ ನೋಡಿದಳು, ಮೇಲಿಂದ ಕೆಳಗೆ, ಹೊಸದಾಗಿ ಕೆಲಸ ಕೇಳಿ ಬಂದವರನ್ನ ನೋಡೋ ಹಾಗೆ. 'ಅಪ್ಪ, ಡೈಪರ್ ಹಾಕೋಕೆ ಬರುತ್ತಾ ನಿಮಗೆ?'

'ಕಲೀತೀನಿ. ಅದೇನು ಬ್ರಹ್ಮವಿದ್ಯೆನಾ?'

ಆಹಾ! ಕಲೀಲಿ. ನಾನೊಬ್ಬಳೇ ಯಾಕೆ ಕಲೀಬೇಕು?

ಖಾಲಿ ಸೂಟ್‌ಕೇಸಿಗೆ ಪುಟ್ಟಿ ಬಟ್ಟೆ ತುಂಬಿದಳು ಮಗಳು. ನಾನು ಮಡಚಿಕೊಡೋಕೆ ಹೋಗಲಿಲ್ಲ. ಬೆರಳು ತುರಿಸ್ತಿತ್ತು. ಬೆನ್ನ ಹಿಂದೆ ಕಟ್ಕೊಂಡೆ.

ಫೆಬ್ರವರಿ 18, ಬೆಳಿಗ್ಗೆ 9.50

ಸ್ಕೂಲಿನ ಜಗಲಿ. ಬೆಂಚಿನ ಮೇಲೆ ಕೂತು ಬರೀತಿದೀನಿ. ಒಳಗೆ ಬಡಗಿ ಟೇಬಲ್ ಸಿದ್ಧ ಮಾಡ್ತಿದಾನೆ. ಟೀಚರ್ ಬಂದಾಯ್ತು.

ಮಗಳು ಲಗೇಜ್ ಜೊತೆ ಮುಂದೆ ಹೋದಳು. ಇವರು ಪುಟ್ಟಿನ ಎತ್ಕೊಂಡು ಇಲ್ಲಿಗೆ ಬಂದಿದಾರೆ. ಯಾವ ಬಸ್ಸಿಗೂ ಎರಡು ಗಂಟೆ ಮುಂಚೆ ನಿಲ್ಲೋ ಮನುಷ್ಯ. ಬೋಟಿಗೆ ಒಂದು ಗಂಟೆ ಚಿಲ್ಲರೆ ಇದೆ, ಇನ್ನೂ ಇಲ್ಲೇ ಅಂಗಳದಲ್ಲಿ ಶತಪಥ. 'ಹೊರಡಲ್ವಾ?' ಅಂದೆ. 'ಟೈಮಿದೆ' ಅಂದ್ರು! ಈ ಬಾಯಲ್ಲಿ ಆ ಮಾತು ಕೇಳಿದ್ದು ಇದೇ ಮೊದಲು.

ಬಾಗಿಲ ಕಡೆ ಗಲ್ಲ ತೋರಿಸಿದ್ರು. 'ಅವನಿಗೆ ಹೇಳು, ಎಡ ಭುಜ ಸರಿಯಾಗಿ ನೋಡು ಅಂತ. ನಿನ್ನೆ ಪೂರ್ತಿ ಅದನ್ನೇ ಹಿಡ್ಕೊಂಡಿದ್ದೆ ನೀನು.'

ನೋಡಿದಾರೆ. ನೋಡಿದಾರಲ್ಲ.

'ನಾನು ಏನೂ ಹೇಳೋ ಹಾಗಿಲ್ಲ ರೀ' ಅಂದೆ. 'ಹೇಳಿದ್ರೆ ಫೇಲು.'

ಮಗು ಹಿಡಿದಿರೋ ರೀತಿ ಸರಿಯಿಲ್ಲ. ಒಂದು ಕಾಲು ಜೋಲ್ತಿದೆ. ಬೆನ್ನಿಗೆ ಕೈ ಕೊಟ್ಟಿಲ್ಲ. ಟೋಪಿ ಕಣ್ಣಿಗೆ ಬಂದಿದೆ. ಎದ್ದು ಹೋಗಿ ಒಂದೇ ಒಂದು ಸಲ ಸರಿ ಮಾಡಿದ್ರೆ... ಇಲ್ಲ. ಕೂತೆ.

ಶುರುವಾಯ್ತು. ಅಳ್ತಿದಾಳೆ. ಇವರು ನನ್ನ ಕಡೆ ತಿರುಗಿದ್ರು. ಹೆಜ್ಜೆ ಇಟ್ರು. ನಿಂತ್ರು. ಬೆನ್ನು ತಿರುಗಿಸಿ ಗೇಟಿನ ಕಡೆ ಹೋದ್ರು, ಶ್ ಶ್ ಅಂತ ತಾವೇ ತಟ್ಟುತ್ತಾ. ತೀರಾ ಜೋರಾಗಿ ತಟ್ತಿದಾರೆ. ತಟ್ಟಲಿ.

'ಅಕ್ಕಾ, ಬನ್ನಿ.'

ಇನ್ನೂ ಅಳ್ತಿದಾಳೆ. ಅಳಲಿ. ಅಜ್ಜ ಇದಾರೆ. ಯಾರು ಕರೆದ್ರೂ ಎದ್ದು ಓಡಿದವಳು ನಾನು, ಇವತ್ತು ಮಲಗೋಕೆ ಕರೀತಿದಾರೆ. ಬಂದೆ ಕಣಪ್ಪ, ಬಂ...