ಪಿಂಡ ಎಂಬ ಮಾತು

ತಾಂಡೂರು
ಶ್ರಾವಣ ಸೋಮವಾರ, ೧೨ ಆಗಸ್ಟ್ ೨೦೨೪

ಅತ್ತೆಯವರಿಗೆ ನಿಮ್ಮ ಸೊಸೆ ಪ್ರೇಮಲಾಳ ಶರಣು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಬೇಕು, ಬರೆದಿದ್ದೇನೆ. ನಿಮ್ಮ ಮೊಮ್ಮಗಳು ನೀಲು ಮೊನ್ನೆ ಹೈದರಾಬಾದಿಗೆ ಹೋಗಿ ರಕ್ತ ಹಾಕಿಸಿಕೊಂಡು ಬಂದಿದ್ದಾಳೆ. ಮುಖಕ್ಕೆ ಬಣ್ಣ ಬಂದಿದೆ, ಬಾಯಿಗೂ ಬಲ ಬಂದಿದೆ. ನಿಮ್ಮ ಮಗ ಕಲ್ಲಿನ ಅಂಗಡಿ, ಮನೆ ಎಂದು ಓಡಾಡಿಕೊಂಡಿದ್ದಾರೆ. ನೀವು ಹೋದ ಮೇಲೆ ಅವರಿಗೆ ಸಾರಿನಲ್ಲಿ ಉಪ್ಪು ಸರಿಯಿಲ್ಲವಂತೆ. ನಿಮ್ಮ ಕೈಯ ಅಡುಗೆಯೇ ಬೇರೆ ಎಂದು ನನ್ನ ಎದುರಿಗೇ ಹೇಳುತ್ತಾರೆ, ಧೈರ್ಯ ನೋಡಿ.

ನೀವು ನನ್ನ ಫೋನ್ ಎತ್ತುವುದಿಲ್ಲ. ಭುವನೇಶ್ವರಿ ತನ್ನ ಫೋನನ್ನು ನಿಮ್ಮ ಕಿವಿಗೆ ಹಿಡಿದರೆ, ಎಮ್ಮೆಗೆ ನೀರು ಕುಡಿಸಬೇಕು ಎಂದು ಎದ್ದು ಹೋಗುತ್ತೀರಂತೆ. ನಿಮ್ಮ ಮಗಳ ಮನೆಗೆ ಎಮ್ಮೆ ಯಾವಾಗ ಬಂತು ಅತ್ತೆ? ಅದಕ್ಕೇ ಈ ಪತ್ರ. ಅವಳೂ ಅವಳ ಮಕ್ಕಳೂ ಕಲಿತದ್ದು ತೆಲುಗು ಶಾಲೆಯಲ್ಲಿ, ಆ ಮನೆಯಲ್ಲಿ ಕನ್ನಡ ಓದಬಲ್ಲವರು ನೀವೊಬ್ಬರೇ. ಕನ್ನಡಕ ಹಾಕಿಕೊಂಡು ಒಂದು ಮೂಲೆ ಹಿಡಿದು ಓದಿ. ಹರಿದು ಹಾಕುವುದಿದ್ದರೆ ಪೂರ್ತಿ ಓದಿದ ಮೇಲೆ ಹರಿಯಿರಿ.

ಬೇಸಿಗೆಯಲ್ಲಿ ಆ ದಿನ ಏನಾಯಿತೆಂದು ನಾರಾಯಣಖೇಡದ ನೆಂಟರಿಗೆಲ್ಲ ನಿಮ್ಮ ರೀತಿಯಲ್ಲಿ ಹೇಳಿದ್ದೀರಿ. ನನ್ನ ರೀತಿಯಲ್ಲೂ ಒಮ್ಮೆ ಕೇಳಿ. ನಾನೂ ನಿಮ್ಮ ಮಗನೂ ನೀಲುವಿಗೆ ರಕ್ತ ಹಾಕಿಸಲು ಹೋಗಿದ್ದೆವು. ನಿಮ್ಮ ಮಗ ತಮ್ಮ ಫೋನನ್ನು ಚಾರ್ಜಿಗೆ ಹಾಕಿ ಮನೆಯಲ್ಲೇ ಮರೆತಿದ್ದರು. ನಿಮಗೆ ಹೇಳದೆ ನಾವು ಹೋಗುತ್ತಿದ್ದ ಇನ್ನೊಂದು ಆಸ್ಪತ್ರೆಯಿಂದ ಒಬ್ಬ ನರ್ಸು ಅದಕ್ಕೆ ಫೋನ್ ಮಾಡಿದಳು. ನೀವು ಎತ್ತಿದಿರಿ. ಪ್ರೇಮಲಾ ಮನೆಯೇ ಎಂದದ್ದಕ್ಕೆ ಹೌದೆಂದಿರಿ. ಆಕೆ ಎಂಬ್ರಿಯೋ ಎಂದಳು, ನಿಮಗೆ ತಿಳಿಯಲಿಲ್ಲ. ತಿಳಿಯಲೆಂದು ಪಾಪ, ತೆಲುಗಿನಲ್ಲಿ ಬಿಡಿಸಿ ಹೇಳಿದಳು: ‘ಅಮ್ಮಾ, ಮೀ ಪಿಂಡಾಲು ನಾಲುಗು ಉನ್ನಾಯಿ, ಏಂ ಚೆಯ್ಯಮಂಟಾರು?’ ನಿಮ್ಮ ಪಿಂಡ ನಾಲ್ಕಿವೆ, ಏನು ಮಾಡೋಣ ಎಂದು.

ಗರ್ಭದಲ್ಲಿ ಮೊಳೆಯುವುದಕ್ಕೂ ಪಿಂಡ ಎನ್ನುತ್ತಾರೆ, ಸತ್ತವರಿಗೆ ಇಡುವ ಅನ್ನದ ಉಂಡೆಗೂ ಪಿಂಡ ಎನ್ನುತ್ತಾರೆ. ತೆಲುಗಿನಲ್ಲೂ ಅದೇ, ಕನ್ನಡದಲ್ಲೂ ಅದೇ. ಮೊಮ್ಮಗಳು ಆಸ್ಪತ್ರೆಯಲ್ಲಿರುವಾಗ ಆಸ್ಪತ್ರೆಯಿಂದ ಈ ಮಾತು ಬಂದಾಗ ನಿಮ್ಮ ಕಿವಿಗೆ ಎರಡನೆಯ ಅರ್ಥವೇ ಬಿತ್ತು. ‘ನಾವು ಲಿಂಗವಂತರು, ಹೂಳಾವ್ರು, ಪಿಂಡ ಗಿಂಡ ಇಡಾವ್ರಲ್ಲ, ನನ್ನ ಕೂಸಿನ ಹಂಗೇ ತಂದು ಕೊಡ್ರಿ’ ಎಂದು ನೀವು ಕೂಗಿದಿರಂತೆ. ಆ ನರ್ಸು ಹೆದರಿ ಫೋನಿಟ್ಟಳು. ನೀವು ನನಗೆ ಫೋನ್ ಮಾಡಿದಾಗ ನಾನು ವಾರ್ಡಿನಲ್ಲಿ ಅದನ್ನು ಬಂದ್ ಮಾಡಿಟ್ಟಿದ್ದೆ. ನೀವು ಅಂಗಳದಲ್ಲಿ ಬಿದ್ದು ಅತ್ತಿರಿ, ಓಣಿಯೇ ಸೇರಿತು. ಯಾರೋ ಸುದ್ದಿ ಮುಟ್ಟಿಸಿದ್ದಕ್ಕೆ ಮೊಗುಡಂಪಲ್ಲಿಯಿಂದ ನಿಮ್ಮ ಅಣ್ಣ, ಅಂದರೆ ನಮ್ಮ ಅಪ್ಪ, ಜೀಪು ಮಾಡಿಕೊಂಡು ಹೊರಟೇಬಿಟ್ಟರು. ಸಂಜೆ ನೀಲು ಬಲೂನು ಹಿಡಿದುಕೊಂಡು ಆಟೋದಿಂದ ಇಳಿದಾಗ ನೀವು ಅವಳನ್ನು ತಬ್ಬಿಕೊಂಡದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ನನ್ನ ಕಡೆ ತಿರುಗಿ, ‘ಹಂಗಾದ್ರ ಯಾವ ಪಿಂಡನವ್ವಾ ಅವು?’ ಎಂದು ಕೇಳಿದಿರಿ. ಸುಳ್ಳು ಹೇಳಬಹುದಿತ್ತು. ನಿಮ್ಮ ಮುಖ ನೋಡಿ ಆಗಲಿಲ್ಲ.

ಅಂದು ಅಳುತ್ತ, ಅರ್ಧಂಬರ್ಧ ಹೇಳಿದೆ. ಈಗ ನಿಧಾನವಾಗಿ ಬರೆಯುತ್ತೇನೆ. ನೀಲುವಿಗೆ ಥಲಸ್ಸೇಮಿಯಾ ಬಂದದ್ದು ನಮ್ಮಿಬ್ಬರಿಂದ. ನನ್ನಲ್ಲಿ ಅದರ ಅರ್ಧ, ನಿಮ್ಮ ಮಗನಲ್ಲಿ ಅರ್ಧ. ಅರ್ಧವಿದ್ದವರಿಗೆ ಏನೂ ಆಗುವುದಿಲ್ಲ, ಎರಡೂ ಸೇರಿದರೆ ಮಗುವಿನ ಮೈ ತನಗೆ ಬೇಕಾದ ರಕ್ತವನ್ನು ತಾನು ಮಾಡಿಕೊಳ್ಳಲಾರದು. ನಾನು ಹತ್ತನೆಯ ತರಗತಿಗೆ ಜೀವಶಾಸ್ತ್ರ ಕಲಿಸುವವಳು. ಪ್ರತಿ ವರ್ಷ ಬೋರ್ಡಿನ ಮೇಲೆ ನಾಲ್ಕು ಚೌಕ ಬರೆದು, ಇಂಥ ತಂದೆತಾಯಿಗೆ ನಾಲ್ಕರಲ್ಲಿ ಒಂದು ಹೀಗೆ ಎಂದು ಮಕ್ಕಳಿಗೆ ಹೇಳುತ್ತೇನೆ. ಆ ಒಂದು ನಮ್ಮ ನೀಲು.

ಅವಳು ಪೂರ್ತಿ ವಾಸಿಯಾಗಬೇಕಾದರೆ ಮೈಗೆ ಹೊಂದುವ ಒಡಹುಟ್ಟಿದವರ ಮೂಳೆಮಜ್ಜೆಯೋ ಹೊಕ್ಕುಳಬಳ್ಳಿಯ ರಕ್ತವೋ ಬೇಕು. ಮನೆಯವರಲ್ಲಿ ಯಾರದೂ ಹೊಂದಲಿಲ್ಲ. ನೀವೂ ಸೆರಗು ಸರಿಸಿ ತೋಳು ಚಾಚಿದಿರಿ, ನಿಮ್ಮದೂ ಹೊಂದಲಿಲ್ಲ. ಆಗ ಡಾಕ್ಟರಮ್ಮ ಈ ದಾರಿ ಹೇಳಿದರು. ನಮ್ಮಿಬ್ಬರದನ್ನು ಹೊರಗೆ ಸೇರಿಸಿ ಪಿಂಡ ಮಾಡುವುದು, ಪ್ರತಿಯೊಂದರಿಂದ ಒಂದಿಷ್ಟು ಕಣ ತೆಗೆದು ನೋಡುವುದು, ರೋಗವಿಲ್ಲದ, ನೀಲುವಿಗೆ ಹೊಂದುವ ಒಂದನ್ನು ನನ್ನ ಗರ್ಭದಲ್ಲಿ ಇಡುವುದು. ಗಂಡೋ ಹೆಣ್ಣೋ ಎಂದು ನೋಡುವುದಿಲ್ಲ, ಅದಕ್ಕೆ ಕಾನೂನು ಬಿಡುವುದಿಲ್ಲ. ನಾಲ್ಕು ಆದವು. ಎರಡರಲ್ಲಿ ರೋಗವಿತ್ತು. ಉಳಿದೆರಡರಲ್ಲಿ ಇರಲಿಲ್ಲ. ಆ ಎರಡರಲ್ಲಿ ಒಂದು ನೀಲುವಿಗೆ ಹೊಂದುತ್ತಿತ್ತು, ಇನ್ನೊಂದು ಹೊಂದುತ್ತಿರಲಿಲ್ಲ. ನರ್ಸು ಕೇಳಿದ್ದು ಇವುಗಳ ಮಾತು.

ಅಂದು ನಾನು ಹೇಳಿದಷ್ಟನ್ನು ನೀವು ಕೇಳಿಸಿಕೊಂಡಿರಿ. ‘ತೊಗರಿ ಆರಿಸಿದಂಗ ಕೂಸು ಆರಸ್ತೀರೇನು?’ ಎಂದಿರಿ. ‘ಔಷಧಕ್ಕಂತ ಹಡೀತಿ. ನಾಳೆ ಔಷಧ ಹತ್ತಲಿಲ್ಲಂದ್ರ ಆ ಕೂಸಿನ ಮಾರಿ ಹ್ಯಾಂಗ ನೋಡ್ತಿ?’ ಎಂದಿರಿ. ಮರುದಿನ ಬಟ್ಟೆ ಕಟ್ಟಿಕೊಂಡು, ಇಂಥ ಕೆಲಸ ನಡೆದ ಮನೆಗೆ ಮತ್ತೆ ಕಾಲಿಡುವುದಿಲ್ಲವೆಂದು ಹೇಳಿ, ಜಹೀರಾಬಾದಿನಲ್ಲಿ ಬಸ್ಸು ಬದಲಿಸಿ ಮಗಳ ಮನೆ ಸೇರಿದಿರಿ. ನೀಲು ಬಾಗಿಲಲ್ಲಿ ನಿಂತು ಆಯೀ, ಆಯೀ ಎಂದು ಕೂಗಿದರೂ ತಿರುಗಿ ನೋಡಲಿಲ್ಲ. ಅದಕ್ಕೆ ನನಗೆ ಸಿಟ್ಟು ಬಂದಿತ್ತು, ಇನ್ನೂ ಇಳಿದಿಲ್ಲ.

ಆ ಸಿಟ್ಟಿನಲ್ಲೇ ಕೇಳುತ್ತೇನೆ. ಯಾವ ಮಗು ಕಾರಣವಿಲ್ಲದೆ ಹುಟ್ಟಿದೆ? ಭುವನೇಶ್ವರಿಯಾದ ಮೇಲೆ ಗಂಡು ಬೇಕೆಂದು ವೀರಭದ್ರ ದೇವರಿಗೆ ಹರಕೆ ಹೊತ್ತಿರಿ, ಹುಟ್ಟಿದವರಿಗೆ ಆ ಹೆಸರನ್ನೇ ಇಟ್ಟಿರಿ. ನನ್ನನ್ನು ಈ ಮನೆಗೆ ತಂದುಕೊಂಡದ್ದು ಏಕೆ? ಅಣ್ಣನ ಹೊಲ ಹೊರಗಿನವರ ಪಾಲಾಗಬಾರದು, ತವರಿನ ಬಾಗಿಲು ಮುಚ್ಚಬಾರದು ಎಂದು. ನನ್ನನ್ನು ಯಾರೂ ಕೇಳಲಿಲ್ಲ. ಆದರೂ ನೀವು ನನ್ನನ್ನು ಹೊಲದಂತೆ ನೋಡಲಿಲ್ಲ, ಮಗಳಂತೆ ನೋಡಿದಿರಿ. ಬಾಣಂತನದಲ್ಲಿ ನನ್ನ ಕಾಲು ಒತ್ತಿದಿರಿ, ಹೆತ್ತ ತಾಯಿಗೂ ಆ ಕೆಲಸ ಬಿಟ್ಟುಕೊಡಲಿಲ್ಲ. ಒಂದು ಕಾರಣಕ್ಕೆ ಬಂದ ನಾನು ಆ ಕಾರಣವನ್ನು ಮೀರಿ ನಿಮ್ಮವಳಾದೆ. ಈ ಕೂಸು ಏಕಾಗಬಾರದು?

ನಮ್ಮ ಶಾಲೆಯ ಕ್ರಾಂತಿಕುಮಾರ ಸರ್ ಅವರದು ಬೇರೆ ವಾದ. ಹೆಸರು ಹೇಳದೆ, ಪೇಪರಿನಲ್ಲಿ ಓದಿದಂತೆ ಮಾಡಿ ನಾನೇ ಸ್ಟಾಫ್ ರೂಮಿನಲ್ಲಿ ಮಾತು ತೆಗೆದಿದ್ದೆ. ಇವತ್ತು ರೋಗ ನೋಡಿ ಆರಿಸುತ್ತಾರೆ, ನಾಳೆ ಬಣ್ಣ ನೋಡಿ, ಎತ್ತರ ನೋಡಿ ಆರಿಸುತ್ತಾರೆ, ಕೊನೆಗೆ ಮನುಷ್ಯ ತನ್ನ ಅಚ್ಚನ್ನೇ ಇನ್ನೊಂದು ಮಾಡಿಸಿಕೊಳ್ಳುತ್ತಾನೆ ಎಂದರು. ಇರಬಹುದು. ಮದುವೆಯ ಹೆಣ್ಣನ್ನು ಇವತ್ತಿಗೂ ಬಣ್ಣ ನೋಡಿಯೇ ಆರಿಸುವ ಜನ ನಾವು, ನಾಳೆ ಏನು ಮಾಡುವುದಿಲ್ಲ? ಆದರೆ ನಾಳೆ ಬರುವವರನ್ನು ತಡೆಯಲು ಇವತ್ತು ನನ್ನ ಮಗಳನ್ನು ಬಾಗಿಲಿಗೆ ಅಡ್ಡ ಮಲಗಿಸಬೇಕೇ? ಈ ಮಾತನ್ನು ಅವರಿಗೆ ಹೇಳಲಿಲ್ಲ. ಚಹಾ ಆರಿಹೋಯಿತೆಂದು ಎದ್ದು ಬಂದೆ.

ಇನ್ನೊಂದನ್ನು ನೀವು ಬಾಯಿಬಿಟ್ಟು ಹೇಳಿಲ್ಲ, ನಾನೇ ಹೇಳುತ್ತೇನೆ. ಡಾಕ್ಟರಮ್ಮ ಕಳ್ಳುಬಳ್ಳಿಯೊಳಗಿನ ಮದುವೆಯ ಮಾತೆತ್ತಿದ ದಿನದಿಂದ ನೀವು ನೀಲುವಿನ ತೋಳಿನ ಸೂಜಿ ಗುರುತುಗಳನ್ನು ನೋಡುವುದು ಬಿಟ್ಟಿರಿ. ಸೋದರತ್ತೆಯ ಮಗನನ್ನು ಕಟ್ಟಿಕೊಂಡವಳು ನಮ್ಮ ಕಡೆ ನಾನೊಬ್ಬಳೇ ಅಲ್ಲ ಅತ್ತೆ. ಯಾರ ರಕ್ತದಲ್ಲಿ ಏನಿದೆಯೆಂದು ಯಾರಿಗೆ ಗೊತ್ತಿತ್ತು? ನಿಮ್ಮ ಮಗ ಒಳ್ಳೆಯವರು. ಇನ್ನೊಮ್ಮೆ ಆರಿಸಿಕೋ ಎಂದರೂ ಸ್ವಲ್ಪ ಸತಾಯಿಸಿ ಅವರನ್ನೇ ಮಾಡಿಕೊಳ್ಳುತ್ತೇನೆ. ಇದನ್ನು ಅವರಿಗೆ ಹೇಳಬೇಡಿ.

ರೋಗವಿದ್ದ ಎರಡರ ಬಗ್ಗೆ ನೀವು ಹೋಗುವಾಗ, ‘ಅವನ್ನ ಹೂಳಾಕರ ಕೊಡ್ತಾರೇನು?’ ಎಂದು ಕೇಳಿದ್ದಿರಿ. ನಾನು ಡಾಕ್ಟರಮ್ಮನನ್ನು ಕೇಳಿದೆ. ಆಕೆ ನಗಲಿಲ್ಲ. ಅವು ಸೂಜಿಯ ಮೊನೆಯಷ್ಟೂ ಇರುವುದಿಲ್ಲ, ಹಾಗೆಯೇ ಅಳಿಯಲು ಬಿಡಬಹುದು ಅಥವಾ ಸಂಶೋಧನೆಗೆ ಕೊಡಬಹುದು ಎಂದರು. ನಿಮ್ಮ ಮಗ ಮಠದ ಅಯ್ಯನವರ ಹತ್ತಿರ ಹೋದರು. ಅಯ್ಯನವರು, ‘ಎಂಟನೇ ತಿಂಗಳಾಗ ಹೊಟ್ಟ್ಯಾಗಿನ ಕೂಸಿಗಿ ಲಿಂಗ ಕಟ್ಟತೀವಿ. ಅದಕ್ಕಿಂತ ಮೊದಲಿಂದು ಶಿವಗ ಗೊತ್ತು, ನನಗ ಗೊತ್ತಿಲ್ಲಪಾ’ ಎಂದರಂತೆ. ಗೊತ್ತಿಲ್ಲ ಎನ್ನುವ ಗುರುಗಳನ್ನು ನಾನು ಕಂಡಿರಲಿಲ್ಲ. ಅವರ ಮೇಲೆ ಗೌರವ ಹೆಚ್ಚಾಯಿತು.

ಸಂಶೋಧನೆಗೆ ಕೊಟ್ಟೆವು. ನೀಲುವಿನ ರೋಗವೇ ಅವುಗಳಲ್ಲಿರುವುದು, ಯಾರಾದರೂ ನೋಡಿ ಮದ್ದು ಕಂಡುಹಿಡಿಯಲಿ ಎಂದುಕೊಂಡೆ. ಸಹಿ ಮಾಡಿ ಹೊರಗೆ ಬಂದವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ನೀಲುವೂ ಒಂದು ದಿನ ಅವುಗಳಷ್ಟೇ ಇದ್ದಳಲ್ಲ, ಅದೇ ರೋಗ ಹೊತ್ತುಕೊಂಡು. ಆಗ ಯಾರಾದರೂ ಪರೀಕ್ಷೆ ಮಾಡಿದ್ದರೆ ಅವಳನ್ನೂ ಬದಿಗಿಡುತ್ತಿದ್ದರು, ನಾನೇ ಇಡಿ ಎನ್ನುತ್ತಿದ್ದೆ. ಇದು ಹೊಳೆದ ಮೇಲೆ ನನ್ನ ವಾದಗಳೆಲ್ಲ ನನಗೇ ಸಪ್ಪೆಯಾದವು. ಮನೆಗೆ ಬಂದು ಅವಳ ತಲೆ ಬಾಚಿ ಎರಡು ಜಡೆ ಹಾಕಿದೆ. ಇವತ್ತೇನು ಹಬ್ಬವೇ ಎಂದು ಕೇಳಿದಳು.

ಈಗ ನನ್ನ ವಿಷಯ. ಜೂನ್ ಕೊನೆಗೆ ಗರ್ಭದಲ್ಲಿ ಇಟ್ಟರು. ನಿಂತಿದೆ. ಹೋದ ವಾರ ಸ್ಕ್ಯಾನಿನಲ್ಲಿ ಎದೆಬಡಿತ ಕೇಳಿಸಿದರು. ನಿಮ್ಮ ಮಗ ಗಾಬರಿಯಲ್ಲಿ ನನ್ನ ಕೈ ಬಿಟ್ಟು ಡಾಕ್ಟರಮ್ಮನ ಕುರ್ಚಿಯನ್ನು ಬಿಗಿಯಾಗಿ ಹಿಡಿದಿದ್ದರು. ಬೆಳಿಗ್ಗೆ ಎದ್ದರೆ ವಾಂತಿ, ಒಗ್ಗರಣೆಯ ವಾಸನೆ ಆಗುವುದಿಲ್ಲ. ನೀಲುವಿಗೆ ತಮ್ಮನೋ ತಂಗಿಯೋ ಬರುತ್ತದೆ ಎಂದಷ್ಟೇ ಹೇಳಿದ್ದೇವೆ, ಅದರಿಂದ ಅವಳಿಗೆ ಏನು ಸಿಗಬಹುದೆಂದು ಹೇಳಿಲ್ಲ. ತನ್ನ ಹಳೆಯ ಫ್ರಾಕುಗಳನ್ನು ತೆಗೆದಿಟ್ಟಿದ್ದಾಳೆ. ತಮ್ಮನಾದರೂ ಹಾಕಿಕೊಳ್ಳಲೇಬೇಕಂತೆ.

ನೀವು ಹೆದರಿದಂತೆ ಹುಟ್ಟಿದ ಕೂಸನ್ನು ಯಾರೂ ಕೊಯ್ಯುವುದಿಲ್ಲ. ಕತ್ತರಿಸಿ ಬಿಡುವ ಹೊಕ್ಕುಳಬಳ್ಳಿಯಿಂದಲೇ ರಕ್ತ ತೆಗೆದಿಡುತ್ತಾರೆ. ಅದು ಸಾಲದಿದ್ದರೆ ಮುಂದೊಂದು ದಿನ ಮಜ್ಜೆ ಕೇಳಬೇಕಾದೀತು. ಆ ದಿನ ಬಂದರೆ ಕೂಸಿನ ಪರವಾಗಿ ಜಗಳಕ್ಕೆ ನಿಲ್ಲುವವರು ಮನೆಯಲ್ಲಿ ಒಬ್ಬರು ಬೇಕು. ನಾನು ಆಗ ನೀಲುವಿನ ತಾಯಿಯಾಗಿರುತ್ತೇನೆ, ನನ್ನನ್ನು ನಂಬುವಂತಿಲ್ಲ. ಜಗಳಕ್ಕೆ ನಿಮಗಿಂತ ತಕ್ಕವರು ಈ ಕಡೆ ಯಾರಿದ್ದಾರೆ? ನನ್ನ ಮಾತು ಒಪ್ಪಿ ಬನ್ನಿ ಎನ್ನುವುದಿಲ್ಲ. ಒಪ್ಪದೆಯೇ ಬನ್ನಿ.

ನಿಮ್ಮ ಅಣ್ಣನ ಮಗಳು, ನಿಮ್ಮ ಮಗನ ಹೆಂಡತಿ,
ಪ್ರೇಮಲಾ

ತಾ.ಕ.: ಪತ್ರವನ್ನು ಮಡಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಗರ್ಭದಲ್ಲಿ ಇಡುವ ದಿನ ನಾನು ಡಾಕ್ಟರಮ್ಮನಿಗೆ ಎರಡನ್ನೂ ಇಡಿ ಎಂದೆ, ನೀಲುವಿಗೆ ಹೊಂದುವುದನ್ನೂ ಹೊಂದದ್ದನ್ನೂ. ಹೊಂದದ್ದನ್ನು ಅಲ್ಲಿಯೇ ಬಿಟ್ಟು ಬರಲು ನನಗಾಗಲಿಲ್ಲ. ಆಕೆ ಬೈದರು. ಒಂದೇ ನಿಂತರೆ ಯಾವುದೆಂದು ತಿಳಿಯುವುದಿಲ್ಲ, ಹೊಂದುವುದು ಹೋದರೆ ನಿಮ್ಮ ಹತ್ತಿರ ಅಂಥದ್ದು ಇನ್ನೊಂದಿಲ್ಲ ಎಂದರು. ನಿಮ್ಮ ಮಗ ನನ್ನ ಮುಖ ನೋಡಿ ಹೂಂ ಅಂದರು. ಸ್ಕ್ಯಾನಿನಲ್ಲಿ ಕೇಳಿದ್ದು ಒಂದೇ ಎದೆಬಡಿತ. ಯಾವುದು ಉಳಿಯಿತು, ಯಾವುದು ಹೋಯಿತು, ನಮಗೆ ಯಾರಿಗೂ ಗೊತ್ತಿಲ್ಲ. ಹೊಟ್ಟೆಯಲ್ಲಿರುವಾಗಲೇ ಪರೀಕ್ಷೆ ಮಾಡಿ ಹೇಳುತ್ತಾರಂತೆ. ಬೇಡವೆಂದಿದ್ದೇನೆ. ಹೊಂದುವುದಿಲ್ಲವೆಂದು ಈಗಲೇ ತಿಳಿದರೆ ಈ ಕೂಸನ್ನು ಉಳಿಸಿಕೊಳ್ಳಲು ನನಗೆ ಮನಸ್ಸಾಗುತ್ತದೋ ಇಲ್ಲವೋ, ನನ್ನ ಮೇಲೆ ನನಗೇ ನಂಬಿಕೆಯಿಲ್ಲ ಅತ್ತೆ. ಬೇಗ ಬಂದು ನನ್ನ ಹತ್ತಿರ ಇರಿ.