ಚೀಟಿಯಿಲ್ಲದ ಮಾತ್ರೆ, ಮತ್ತೆ ಗೋಡೆ ಕಟ್ಟಿದ ರೋಗಾಣು

ಔಷಧಿ ಅಂಗಡಿಗಳ ಮೇಲೆ ಕಣ್ಣಿಡಬೇಕಾದ ಮಾನ್ಯ ಅಧಿಕಾರಿಗಳೇ,

ನಮ್ಮೂರಲ್ಲಿ ಆಂಟಿಬಯೋಟಿಕ್ ಮಾತ್ರೆಗಳು ಪೆಪ್ಪರ್‌ಮಿಂಟಿನಂತೆ ಬಿಡಿಬಿಡಿಯಾಗಿ ಮಾರಾಟವಾಗುತ್ತಿವೆ. ಇದು ತಮ್ಮ ಗಮನಕ್ಕೆ ಬಂದಿಲ್ಲವೆಂದೇ ನಂಬಿದ್ದೇನೆ. ಬಂದೂ ಸುಮ್ಮನಿದ್ದೀರೆಂದು ಬರೆದರೆ ಒರಟಾಗುತ್ತದೆ.

ನನ್ನ ಗಂಡ ಖಲೀಲ್ ಬಣಕಲ್ಲಿನಲ್ಲಿ ಜೀಪ್ ಮೆಕ್ಯಾನಿಕ್. ಹೋದ ಮೆಣಸು ಕೊಯ್ಲಿನ ಹೊತ್ತಿಗೆ ಅವರಿಗೆ ಉರಿಮೂತ್ರ ಶುರುವಾಯಿತು. ಡಾಕ್ಟರಿಗೆ ಹೇಳಲು ನಾಚಿಕೆ. ಔಷಧಿ ಅಂಗಡಿಯವನ ಕಿವಿಯಲ್ಲಿ ಹೇಳಲು ಆ ನಾಚಿಕೆಯಿಲ್ಲ! ಆತ ಚೀಟಿ ಕೇಳದೆ ಸ್ಟ್ರಿಪ್ಪಿನ ಮೂಲೆ ಕತ್ತರಿಸಿ ಕೊಟ್ಟ. ಉರಿ ಇಳಿಯಿತು, ಮಾತ್ರೆ ನಿಂತಿತು. ಉರಿ ಮರಳಿತು, ಇವರೂ ಅಂಗಡಿಗೆ ಮರಳಿದರು. ಹೀಗೆ ಶಟಲ್ ಸರ್ವಿಸ್ ನಡೆಯಿತು.

ಒಂದು ದಿನ ರಿಪೇರಿಯಾದ ಜೀಪನ್ನು ಓಡಿಸಿ ನೋಡಲು ಕಳಸದ ದಾರಿ ಹಿಡಿದವರು, ತಡೆಯಲಾರದೆ ಯಾವುದೋ ಎಸ್ಟೇಟಿನ ಕಾಫಿ ಗಿಡಗಳ ನಡುವೆ ಓಡಿದರು. ಮೆಣಸು ಕಳ್ಳರಿಗಾಗಿ ಕಾದಿದ್ದ, ಎಸ್ಟೇಟಿನ ಆಳು-ಲೆಕ್ಕ ನೋಡಿಕೊಳ್ಳುವ ರೈಟರ್ ಬೆಳ್ಳಿಯಪ್ಪ ಕಾಲರ್ ಹಿಡಿದೇಬಿಟ್ಟರು.

"ಎಷ್ಟು ಕುಯ್ದಿದೀಯ, ತೆಗಿ!"

"ಕುಯ್ಯಕ್ಕೆ ಬಂದಿದ್ದಲ್ಲ ಮಾರಾಯ್ರೆ, ಹುಯ್ಯಕ್ಕೆ ಬಂದಿದ್ದು!"

ಹಿಡಿದ ಕೈಗೆ ಸುಡುವ ಜ್ವರ ತಟ್ಟಿತು. ನಡುಗುತ್ತಿದ್ದ ಕಳ್ಳನನ್ನು ಬೆಳ್ಳಿಯಪ್ಪನವರೇ ಮೂಡಿಗೆರೆಯ ಆಸ್ಪತ್ರೆಗೆ ಸೇರಿಸಿ ನನಗೆ ಫೋನ್ ಮಾಡಿದರು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ನಾನು ವಾರ್ಡಿನ ಹೊರಗೆ ಅಳುತ್ತಾ ಕೂತಿದ್ದೆ.

ಜ್ವರ ಇಳಿದ ಮೇಲೆ ಡಾಕ್ಟರ್ ಪವಿತ್ರಾ ವಿವರಿಸಿದರು. ಈ ರೋಗಾಣುಗಳು ಕಡ್ಡಿಯ ಆಕಾರದವಂತೆ. ಕೆಲವು ಮದ್ದುಗಳು ಅವುಗಳ ಹೊರಗೋಡೆಯನ್ನೇ ಕೆಡವುತ್ತವೆ. ಹೆಚ್ಚಿನವು ಒಡೆದು ಸಾಯುತ್ತವೆ. ಕೆಲವು ಗೋಡೆಯಿಲ್ಲದೆ ಗುಂಡಗೆ ಉಬ್ಬಿ ಜೀವ ಹಿಡಿದಿರುತ್ತವೆ. ಮದ್ದು ನಿಂತಿತೋ, ಹೊಸ ಗೋಡೆ ಕಟ್ಟಿಕೊಂಡು, ಪುನಃ ಕಡ್ಡಿಯಾಗಿ, ಒಂದು ಎರಡಾಗುತ್ತಾ ಬೆಳೆಯತೊಡಗುತ್ತವೆ.

"ಒಂದ್ ಜೀಪಿನ ಬಾಡಿ ಸರಿ ಮಾಡಕ್ಕೆ ನಂಗೆ ವಾರ ಬೇಕು. ಅವಕ್ಕೆ ಎಷ್ಟು ಹೊತ್ತು ಮೇಡಂ?" ಎಂದರು ಇವರು.

"ಕೆಲವೇ ಗಂಟೆ."

"ಒಳ್ಳೇ ಕೆಲಸಗಾರ್ರು!"

ರೋಗಾಣುಗಳ ಮೇಲೆ ಅಭಿಮಾನಪಡುವ ಗಂಡನನ್ನು ನಾನು ದುರುಗುಟ್ಟಿ ನೋಡಿದೆ. ಮನೆಗೆ ಬಂದ ಮೇಲೆ ಡಾಕ್ಟರು ಬರೆದ ಮದ್ದನ್ನು ಕೊನೆಯ ಮಾತ್ರೆಯವರೆಗೂ ನುಂಗಿಸಿದೆ. ಈಗ ಆರಾಮಾಗಿದ್ದಾರೆ.

ಆದರೆ ಮಾನ್ಯರೇ, ರೋಗಾಣುವೇ ಇಷ್ಟು ಚುರುಕಾಗಿರುವಾಗ ತಮ್ಮ ಕಚೇರಿಗೇಕೆ ಈ ನಿಧಾನ? ನಿನ್ನೆ ಪಕ್ಕದ ಮನೆಯ ಸರೋಜಮ್ಮ ನೆಗಡಿಗೆಂದು ಅದೇ ಅಂಗಡಿಯಿಂದ ಅದೇ ಮಾತ್ರೆ ತಂದಿದ್ದಾರೆ. ಯಾಕೆಂದು ಕೇಳಿದರೆ, "ನಿಮ್ಮನೆಯವ್ರಿಗೆ ಗುಣ ಆಗಿದ್ದು ಇದ್ರಲ್ಲೇ ಅಲ್ವಾ?" ಅಂದರು. ನಾನು ಇನ್ನೆಷ್ಟು ಮನೆಗಳಿಗೆ ಹೋಗಿ ವಿವರಿಸಲಿ? ತಾವೇ ಬಂದು, ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವುದನ್ನು ನಿಲ್ಲಿಸಿ.

ಇಂತಿ,
ಗಂಡನ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ, ಮಾತ್ರೆ ಇಳಿಯಿತೇ ಎಂದು ಇಣುಕಿ ನೋಡಿ ಸಂಸಾರ ಮಾಡಿದ
ಹುಸ್ನಾ, ಬಣಕಲ್